ಚೌಡವ್ವ ಗೊರವಂಕಗಳಿಗೆ ಕಲಿಸಿದ ಮೂರು ಮಾತು

ಈಗೇನಪ್ಪ, ನಿಮಗೆ ಮನೆ ಬೇಕು ಅಂದರೆ ಫೋನು ಹಿಡಿದು ಎರಡು ಪದ ಒತ್ತುತ್ತೀರಿ. ವೆಬ್‌ಸೈಟು ತೆರೆಯುತ್ತೆ. ಪಡಸಾಲೆ ತೋರಿಸುತ್ತೆ, ಅಡುಗೆಮನೆ ತೋರಿಸುತ್ತೆ, ಬಚ್ಚಲುಮನೆಯನ್ನೂ ಬಿಡದೆ ತೋರಿಸುತ್ತೆ. ನೀವು ಯಾವ ಎರಡು ಪದ ಒತ್ತುತ್ತೀರಿ ಅಂತ ಮೊದಲೇ ಊಹಿಸಿ, ಅದನ್ನೇ ಬರೆದಿಟ್ಟು ಕಾಯುತ್ತಾ ಕೂರುವುದೇ ಕೆಲವರ ಕಸುಬು. ಇದೇನು ಹೊಸದು ಅಂದುಕೊಂಡಿರಾ? ನಿಮ್ಮಜ್ಜಿಯ ಅಜ್ಜಿಗೆ ಹಾಲುಹಲ್ಲು ಬರುವ ಮೊದಲೇ ಇತ್ತು. ಹೇಳ್ತೀನಿ ಕೇಳಿ. ಹೂಂ ಅನ್ನುತ್ತಿರಬೇಕು, ಹೂಂ ನಿಂತರೆ ಕತೆಯೂ ನಿಲ್ಲುತ್ತೆ.

ಬೆಳ್ಗೊಡೆ ಅಂತ ಒಂದು ರಾಜ್ಯ. ಅದಕ್ಕೊಬ್ಬ ರಾಜ. ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಪಟ್ಟಣದ ಕೋಟೆ ಬಾಗಿಲಲ್ಲಿ ಒಂದು ದೊಡ್ಡ ಬಸರಿ ಮರ. ಮರದ ತುಂಬ ಗೊರವಂಕ ಹಕ್ಕಿಗಳು. ಅವು ಮಾತಾಡುತ್ತಿದ್ದವು. ಆಗ ಹಕ್ಕಿಗಳು ಮಾತಾಡುತ್ತಿದ್ದವು, ಜನ ಕೇಳುತ್ತಿದ್ದರು. ಈಗ ಎರಡೂ ಇಲ್ಲ, ಬಿಡಿ.

ಹೊಸದಾಗಿ ಪಟ್ಟಣಕ್ಕೆ ಬಂದವರು ಆ ಮರದ ಕೆಳಗೆ ನಿಂತು, ತಮಗೆ ಎಂಥ ಮನೆ ಬೇಕು ಅಂತ ಹೇಳಬೇಕು. ಆ ಮಾತನ್ನು ಯಾವ ದಲ್ಲಾಳಿ ಹಕ್ಕಿಗಳಿಗೆ ಕಲಿಸಿದ್ದಾನೋ, ಹಕ್ಕಿ ಹಾರಿಕೊಂಡು ಅವನ ಬಾಗಿಲಿಗೆ ಕರೆದುಕೊಂಡು ಹೋಗುತ್ತಿತ್ತು. ಇಬ್ಬರು ಒಂದೇ ಮಾತು ಕಲಿಸಿದ್ದರೆ, ಹೆಚ್ಚು ಕಾಳು ಹಾಕಿದವನ ಮನೆಗೆ ಮೊದಲು. ಹಕ್ಕಿಗೂ ಹೊಟ್ಟೆ ಇದೆಯಲ್ಲ!

ಇದಕ್ಕೆ ರಾಜ ಮೂರು ಕಟ್ಟಳೆ ಮಾಡಿದ್ದ. ಒಂದು, ಮನೆ ಹುಡುಕಿ ಬಂದವರನ್ನು ದಲ್ಲಾಳಿ ತಾನಾಗಿ ಮಾತಾಡಿಸಬಾರದು. ಹಿಂದೆ ಹಾಗೆ ಮಾತಾಡಿಸಿ, ಎಳೆದಾಡಿ, ಒಬ್ಬ ಬಡಪಾಯಿಯ ಪಂಚೆಯೇ ಹರಿದುಹೋಗಿತ್ತು. ಎರಡು, ಒಂದು ಅಮಾವಾಸ್ಯೆಗೆ ಒಂದೇ ಮಾತು ಕಲಿಸಬೇಕು. ಮೂರು, ಕಲಿಸಿದ ಮಾತಿನಂಥ ಮನೆಯನ್ನೇ ತೋರಿಸಬೇಕು. ತಪ್ಪಿದರೆ ಅವನು ಮತ್ತೆ ಬಸರಿ ಮರದ ನೆರಳು ತುಳಿಯುವಂತಿಲ್ಲ.

ಆ ಪಟ್ಟಣದಲ್ಲಿ ಗಂಜಿ ಕೇರಿ ಅಂತ ಒಂದು ಬೀದಿ. ಅಲ್ಲಿ ಚೌಡವ್ವ ಅನ್ನುವ ಮುದುಕಿ ಇದ್ದಳು. ಹನ್ನೆರಡು ಖಾಲಿ ಮನೆ, ಹದಿಮೂರನೆಯದು ಅವಳದು. ಖಾಲಿ ಮನೆಗಳ ಹನ್ನೆರಡು ಬೀಗದ ಕೈ ಅವಳ ಸೊಂಟದಲ್ಲಿ.

ಮೊದಲು ಹಾಗಿರಲಿಲ್ಲ. ಚೌಡವ್ವ ಮದುವೆಯಾಗಿ ಆ ಕೇರಿಗೆ ಬಂದಾಗ ಹದಿಮೂರು ಮನೆಯಲ್ಲೂ ನೇಕಾರರು. ಬೆಳ್ಳಂಬೆಳಗ್ಗೆ ಬೀದಿಯ ಈ ತುದಿಯಿಂದ ಆ ತುದಿಗೆ ಹಾಸಿನ ನೂಲು ಎಳೆದು ಕಟ್ಟುತ್ತಿದ್ದರು. ಹೆಂಗಸರು ಎರಡೂ ಕಡೆ ನಡೆಯುತ್ತಾ ಅದಕ್ಕೆ ಗಂಜಿ ಹಚ್ಚುತ್ತಿದ್ದರು. ಬಿಸಿಗಂಜಿಯ ವಾಸನೆಗೆ ಹೊಟ್ಟೆ ತುಂಬಿದವರಿಗೂ ಹಸಿವಾಗುತ್ತಿತ್ತು. ಮಕ್ಕಳು ನೂಲಿನ ಕೆಳಗೆ ನುಸುಳಿ ಓಡಿ, ಕಿವಿ ಹಿಂಡಿಸಿಕೊಳ್ಳುತ್ತಿದ್ದವು. ಬಿಸಿಲೇರಿದರೆ ಒಳಗೆ ಹದಿಮೂರು ಮಗ್ಗ, ಲಟಕ್ ಪಟಕ್, ಲಟಕ್ ಪಟಕ್. ಆ ಸದ್ದಿನಲ್ಲಿ ಅತ್ತೆಯ ಬೈಗುಳವೂ ಕೇಳಿಸುತ್ತಿರಲಿಲ್ಲವಂತೆ.

ಆಮೇಲೆ ಇವರ ಕೈಯಲ್ಲೇ ಸೀರೆ ನೇಯಿಸುತ್ತಿದ್ದ ಹಳೇ ರಾಣಿ, ಅಂದರೆ ರಾಜನ ತಾಯಿ, ತೀರಿಕೊಂಡಳು. ಬಟ್ಟೆ ಸಂತೆ ಬೇರೆ ಊರಿಗೆ ಹೋಯಿತು. ಅದರ ಹಿಂದೆ ಒಂದೊಂದೇ ಗಾಡಿ ಹೋಯಿತು. ಹೋಗುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು, "ಚೌಡವ್ವ, ಬೀಗದ ಕೈ ನಿಂತಾವ ಇರ್ಲಿ. ಒಳ್ಳೆ ಜನ ಬಂದ್ರೆ ಕೊಟ್ಬಿಡು. ಮನೆಗೆ ದೀಪ ತಪ್ಬಾರ್ದು." ಗಂಡ ಸತ್ತ ಮೇಲೂ ಚೌಡವ್ವ ಕೇರಿ ಬಿಡಲಿಲ್ಲ. ದಿನಾ ಹನ್ನೆರಡು ಅಂಗಳ ಗುಡಿಸಿ, ಹನ್ನೆರಡು ದೀಪ ಹಚ್ಚುತ್ತಿದ್ದಳು.

ಅದೇ ಪಟ್ಟಣದಲ್ಲಿ ಜಂಬಣ್ಣ ಅಂತ ಒಬ್ಬ ದೊಡ್ಡ ದಲ್ಲಾಳಿ. ಊರಾಚೆ ಬಂಡೆಯ ಮೇಲೆ ಸಾಲು ಮನೆ ಕಟ್ಟಿ, 'ಸುವರ್ಣ ವಿಲಾಸ' ಅಂತ ಹೆಸರಿಟ್ಟಿದ್ದ. ಅವನ ಕಣ್ಣು ಗಂಜಿ ಕೇರಿಯ ಮೇಲೆ. ರಾಜನ ಕಿವಿಯಲ್ಲಿ ಊದಿದ, "ಬುದ್ಧೀ, ಆ ಕೇರಿ ಹಾವು ಚೇಳಿನ ಗೂಡಾಗೈತೆ. ಕೆಡವಿಸಿ ನನಗೆ ಕೊಡಿ, ಅರಮನೆ ಆನೆಗಳಿಗೆ ಲಾಯ ಕಟ್ಟಿಸ್ತೀನಿ." ರಾಜ ಚೌಡವ್ವನನ್ನು ಕರೆಸಿ ಹೇಳಿದ, "ಯುಗಾದಿಯೊಳಗೆ ಹನ್ನೆರಡು ಮನೆಗೂ ಜನ ಬರಬೇಕು. ಇಲ್ಲದಿದ್ದರೆ ಕೇರಿ ಕೆಡವಿಸುತ್ತೇನೆ."

ಯುಗಾದಿಯ ಮುನ್ನಾದಿನದ್ದು ಬಿಟ್ಟರೆ ಇದ್ದದ್ದು ಮೂರೇ ಅಮಾವಾಸ್ಯೆ. ಅಂದರೆ ಮೂರೇ ಮಾತು.

ಅಳುತ್ತಾ ಬರುತ್ತಿದ್ದವಳಿಗೆ ಜಂಬಣ್ಣನೇ ಬುದ್ಧಿ ಹೇಳಿದ, "ಚೌಡಕ್ಕ, ನಿಮ್ಮ ಮನೆ ಪಡಸಾಲೇಲೆಲ್ಲಾ ಗುಂಡಿ. ಅದನ್ನ ಕಂಡ್ರೆ ಯಾರು ಬರ್ತಾರೆ? ಹಲಗೆ ಹಾಕಿ ಮುಚ್ಚಿಬಿಡು." ನೇಕಾರರು ಮಗ್ಗದ ಮುಂದೆ ಕೂತು ಕಾಲು ಇಳಿಬಿಡುವ ಗುಂಡಿಗಳವು. ಚೌಡವ್ವನಿಗೂ ಹೌದೆನಿಸಿತು. ನಾಚಿಕೆಯಾಗಿ ಖಾಲಿ ಮನೆಗಳ ಹನ್ನೆರಡು ಗುಂಡಿಗೂ ಹಲಗೆ ಮುಚ್ಚಿದಳು.

ಮೊದಲನೇ ಅಮಾವಾಸ್ಯೆ ಬಂತು. ಚೌಡವ್ವ ಒಂದು ಬಟ್ಟಲು ನವಣೆ ತಗೊಂಡು ಬಸರಿ ಮರಕ್ಕೆ ಹೋದಳು. ಜಂಬಣ್ಣನಂತೆ ತಾನೂ ದೊಡ್ಡ ಮಾತು ಆಡಬೇಕು ಅನ್ನಿಸಿತು. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತಲ್ಲ, ಹಾಗೆ. "ದಿವ್ಯ ಭವ್ಯ ಭವನ" ಅಂತ ಕಲಿಸಿದಳು. ಹಕ್ಕಿಗಳು ನವಣೆ ತಿಂದವು, ಮಾತು ಕಲಿತವು. ಜಂಬಣ್ಣ ಮೂಟೆ ಕಾಳು ಸುರಿದು ಅದೇ ಮಾತು ಕಲಿಸಿ, ಮೀಸೆ ತಿರುವಿಕೊಂಡು ಹೋದ. ಅವನ ಪದ್ಧತಿಯೇ ಅದು, ಬೇರೆಯವರು ಏನು ಕಲಿಸಿದರೂ ಅದನ್ನೇ ಹೆಚ್ಚು ಕಾಳು ಹಾಕಿ ಕಲಿಸುವುದು. ಒಂದು ತಿಂಗಳು ಕಳೆಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಗಂಟುಮೂಟೆ ಹೊತ್ತು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದ ಯಾವಳಾದರೂ "ನನಗೊಂದು ದಿವ್ಯ ಭವ್ಯ ಭವನ ಬೇಕು" ಅಂತಾಳೆಯೇ?

ಎರಡನೇ ಅಮಾವಾಸ್ಯೆ ಬಂತು. ಎಲ್ಲರೂ ಆಡುವ ಮಾತನ್ನೇ ಕಲಿಸೋಣ ಅಂತ "ಮನೆ" ಅಂದಳು. ಜಂಬಣ್ಣ ಮತ್ತೆ ಮೂಟೆ ಸುರಿದ. ಈ ಸಲ ಜನ ಬಂದರು ನೋಡಿ, ಜಾತ್ರೆಯೇ ಬಂತು. ಮೊದಲು ಜಂಬಣ್ಣನ ಹತ್ತಿರ, ಅಲ್ಲಿಂದ ಇವಳ ಹತ್ತಿರ. ಒಬ್ಬ ಕೇಳಿದ, "ಅಜ್ಜೀ, ಪಟೇಲರ ಮನೆ ಇದೇನಾ?" ಇನ್ನೊಬ್ಬಳು ಕೇಳಿದಳು, "ಮದುವೆ ಮನೆ ಎಲ್ಲೈತವ್ವ? ಊಟ ಆಗೋಯ್ತಾ?" ಮತ್ತೊಬ್ಬ ಹೆಂಡತಿಯ ತವರುಮನೆ ಹುಡುಕುತ್ತಿದ್ದ. ಬಾಗಿಲು ತೆಗೆದು ಹಾಕಿ ಚೌಡವ್ವನ ಕೈ ಸೋತಿತು. ಇರಲು ಅಂತ ಒಬ್ಬರೂ ಬರಲಿಲ್ಲ.

ಇನ್ನು ಉಳಿದದ್ದು ಒಂದೇ ಮಾತು. ಚೌಡವ್ವ ಜಗುಲಿಯ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಹೊಳೆಯಿತು. 'ನಾನು ಎರಡು ಸಲ ಬಾಯಿ ಬಿಟ್ಟೆ, ಒಂದು ಸಲವೂ ಕಿವಿ ಕೊಡಲಿಲ್ಲ!'

ಮಾರನೇ ದಿನದಿಂದ ಬಸರಿ ಮರದ ಹಿಂದೆ ಬತ್ತಿ ಹೊಸೆಯುತ್ತಾ ಕೂತಳು. ಬಂದವರು ಏನು ಕೇಳುತ್ತಾರೆ ಅಂತ ಕೇಳಿಸಿಕೊಂಡಳು. ಒಬ್ಬ ಸಿಪಾಯಿ ಬಂದು, "ಕುದುರೆ ಕಟ್ಟೋಕೆ ಜಾಗ ಬೇಕು" ಅಂದ. ಒಬ್ಬ ಸೊಸೆ ಬಂದು, "ನಮ್ಮತ್ತೆಗೆ ಮೆಟ್ಲು ಹತ್ತೋಕಾಗಲ್ಲ" ಅಂದಳು. ಇರಲು ಜಾಗ ಹುಡುಕಿ ಬಂದವರು ಮನೆ ಅನ್ನುವ ಪದವನ್ನೇ ಆಡುತ್ತಿರಲಿಲ್ಲ. ಎಲ್ಲರೂ ಅವರವರ ಬದುಕನ್ನು ಹೇಳಿಕೊಳ್ಳುತ್ತಿದ್ದರು.

ಒಂದು ದಿನ ಧೂಳು ಮೆತ್ತಿದ ಮುದುಕನೊಬ್ಬ ಬಂದ. ಹೆಸರು ಹಾಲಪ್ಪ. ಮರದ ಕೆಳಗೆ ನಿಂತು ಕೈ ಮುಗಿದು ಹೇಳಿದ, "ಹಕ್ಕಿಗಳಾ, ಕೆರೆ ಏರಿ ಒಡೆದು ನಮ್ಮೂರು ಕೊಚ್ಚಿಹೋಯ್ತು. ಹೊಳೆಯಾಚೆ ಛತ್ರದಲ್ಲಿ ನಮ್ಮೋರು ಕಾಯ್ತಾ ಅವ್ರೆ. ಮೊಣಕಾಲು ಮುಳುಗೋ ಮಗ್ಗದ ಗುಂಡಿ ಬೇಕು, ಹಾಸು ಎಳೆಯೋಕೆ ನೇರ ಬೀದಿ ಬೇಕು. ಸಿಕ್ಕೀತಾ?"

ಹಕ್ಕಿಗಳು ಸುಮ್ಮನೆ ಕೂತಿದ್ದವು. ಆ ಮಾತು ಅವಕ್ಕೆ ಯಾರೂ ಕಲಿಸಿರಲಿಲ್ಲ.

ಚೌಡವ್ವ ಬತ್ತಿ ಬಿಸಾಕಿ ಎದ್ದಳು. ಕೂಗಿ ಕರೆಯೋಣ ಅಂದರೆ ಕಟ್ಟಳೆ. ಸೆರಗು ಬಾಯಿಗೆ ತುರುಕಿಕೊಂಡು ಕೂತಳು. ಹಾಲಪ್ಪ ನಿಟ್ಟುಸಿರು ಬಿಟ್ಟು, "ಮುಂದಿನೂರು ನೋಡ್ಕೊಂಡು, ಅಮಾವಾಸ್ಯೆ ಕಳೆದ ಮೇಲೆ ಇನ್ನೊಂದು ಸಲ ಬಂದು ಕೇಳ್ತೀನಿ" ಅಂತ ಹೊರಟ. ಚೌಡವ್ವ ಮನೆಗೆ ಓಡಿ ಬಂದು, ಹನ್ನೆರಡು ಗುಂಡಿಯ ಹಲಗೆಯನ್ನೂ ಕಿತ್ತೆಸೆದಳು. ಯಾವುದನ್ನು ಊನ ಅಂತ ಮುಚ್ಚಿದ್ದಳೋ, ಅದನ್ನೇ ಹುಡುಕಿಕೊಂಡು ಒಬ್ಬ ದೂರದಿಂದ ಬಂದಿದ್ದ.

ಮೂರನೇ ಅಮಾವಾಸ್ಯೆ ಬಂತು. ಜಂಬಣ್ಣ ಮೂಟೆ ಇಟ್ಟುಕೊಂಡು ಕಾದೇ ಇದ್ದ. ಚೌಡವ್ವನಿಗೆ ಗೊತ್ತಿತ್ತು, ತಾನು ಏನು ಕಲಿಸಿದರೂ ಅವನು ಕಲಿಸುತ್ತಾನೆ ಅಂತ. ಕಲಿಸಲಿ, ಅಂದುಕೊಂಡಳು. ಅವನಿಗೂ ಚೆನ್ನಾಗಿ ಕೇಳಿಸುವ ಹಾಗೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕಲಿಸಿದಳು, "ಮೊಣಕಾಲು ಮುಳುಗೋ ಮಗ್ಗದ ಗುಂಡಿ, ಹಾಸು ಎಳೆಯೋ ನೇರ ಬೀದಿ." ಜಂಬಣ್ಣ ಹಿಂದುಮುಂದು ನೋಡಲಿಲ್ಲ. ಎರಡು ಮೂಟೆ ಸುರಿದು ಅದನ್ನೇ ಕಲಿಸಿದ. ಆಮೇಲೆ ಆಳುಗಳನ್ನು ಕರೆದು, "ಗುಂಡಿ ತಾನೇ, ತೋಡ್ರೋ" ಅಂದ. ತೋಡಲು ಕೆಳಗಿದ್ದದ್ದು ಬಂಡೆ. ಹಾರೆ ಮೊಂಡಾಯಿತು. ಎರಡು ಗೇಣು ಹೋಗುವಷ್ಟರಲ್ಲಿ ಆಳುಗಳು ಕೈ ಚೆಲ್ಲಿದರು.

ಯುಗಾದಿಗೆ ವಾರವಿದೆ ಅನ್ನುವಾಗ ಹಾಲಪ್ಪ ತನ್ನವರನ್ನೆಲ್ಲ ಕರೆದುಕೊಂಡು ಬಂದ. ಮರದ ಕೆಳಗೆ ಅದೇ ಮಾತು ಕೇಳಿದ. ಹಕ್ಕಿ ಸುಂಯ್ಯನೆ ಹಾರಿತು, ಮೊದಲು ಸುವರ್ಣ ವಿಲಾಸಕ್ಕೆ. ಹಾಲಪ್ಪ ಗುಂಡಿಯಲ್ಲಿ ಕೂತ. ಮೊಣಕಾಲು ಬಂದು ಗಲ್ಲಕ್ಕೆ ಬಡಿಯಿತು.

"ಇದೇನು ಮಗ್ಗದ ಗುಂಡಿನೋ, ಕೋಳಿ ಕಾವು ಕೂರೋ ಜಾಗನೋ?" ಅಂದ ಹಾಲಪ್ಪ. "ಬೀದಿ ನೋಡಿದ್ರೆ ಬಂಡೆ ಸುತ್ತಿ ಸುತ್ತಿ ಹೋಗೈತೆ. ಹಾಸು ಎಲ್ಲಿ ಎಳೀಲಿ?"

"ಕಾಲು ಮಡಚಿಕೊಂಡು ನೇಯ್ರಪ್ಪ, ಅಭ್ಯಾಸ ಆಗ್ತದೆ" ಅಂದ ಜಂಬಣ್ಣ.

ಅಲ್ಲಿಂದ ಹಕ್ಕಿ ಗಂಜಿ ಕೇರಿಗೆ ಹಾರಿತು. ಹಾಲಪ್ಪ ಮೊದಲನೇ ಮನೆಯ ಪಡಸಾಲೆಗೆ ಹೋಗಿ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಅಲ್ಲಿ ನೆಲ ಒಂದು ಕಡೆ ಸವೆದು ನುಣ್ಣಗಾಗಿತ್ತು. ಹಿಂದೆ ಯಾರೋ ನಲವತ್ತು ವರ್ಷ ಕಾಲಾಡಿಸಿ ಸವೆಸಿದ ಜಾಗ. ಹಾಲಪ್ಪನ ಪಾದ ಅಲ್ಲಿಗೆ ಸರಿಯಾಗಿ ಕೂತಿತು. ಅವನ ಕಣ್ಣಲ್ಲಿ ನೀರು ಬಂತು.

"ಯಾರ ಗುಂಡಿ ತಾಯಿ ಇದು?"

"ಬಸವಲಿಂಗಣ್ಣಂದು. ರಾಣಿಗೆ ಸೀರೆ ನೇಯ್ತಿದ್ರು" ಅಂದಳು ಚೌಡವ್ವ. "ಅವರು ಕೂತಿದ್ದಂಗೇ ಕೂತಿದ್ದೀರಿ ಯಜಮಾನ್ರೇ."

ಇದನ್ನು ಕೇಳಿ ಜಂಬಣ್ಣ ಅರಮನೆಗೆ ಓಡಿದ. "ಬುದ್ಧೀ, ಎರಡು ಮೂಟೆ ಕಾಳು ಹಾಕಿ ಕಲಿಸಿದ್ದು ನಾನು. ಮಾತು ನಂದು. ಜನಾನ ಆ ಮುದುಕಿ ಕದ್ದವಳೆ!"

ರಾಜ ಚೌಡವ್ವನನ್ನು ಕೇಳಿದ, "ಏನಮ್ಮ, ಮಾತು ಯಾರದು?"

"ಮಾತು ನಂದೂ ಅಲ್ಲ, ಅವನದೂ ಅಲ್ಲ ಬುದ್ಧೀ. ಕಾಲು ಇಳಿಬಿಡೋ ಜಾಗ ಕಳ್ಕೊಂಡೋರದು. ತಾವೇ ಎರಡೂ ಕಡೆ ಒಂದು ಗಳಿಗೆ ಕೂತು ನೋಡಿ."

ರಾಜನಿಗೆ ಈ ನ್ಯಾಯ ಹಿಡಿಸಿತು. ಮೊದಲು ಜಂಬಣ್ಣನ ಗುಂಡಿಯಲ್ಲಿ ಕೂತ. ಮೊಣಕಾಲು ಗಲ್ಲಕ್ಕೆ ಬಡಿದು ನಾಲಿಗೆ ಕಚ್ಚಿಕೊಂಡ. ಕಿರೀಟ ಉರುಳಿ ಬಂಡೆಯ ಮೇಲೆ ಠಣ್ ಠಣ್ ಅಂತ ಹೋಯಿತು. ಮಂತ್ರಿ ನಗು ತಡೆಯಲಾರದೆ ಆ ಕಡೆ ತಿರುಗಿ ಕೆಮ್ಮಿದ. ಆಮೇಲೆ ರಾಜ ಗಂಜಿ ಕೇರಿಗೆ ಬಂದು ಕೂತ. ಕಾಲು ಹಾಯಾಗಿ ಇಳಿಯಿತು. ಎದುರಿಗೆ ಬಾಗಿಲಾಚೆ ನೇರ ಬೀದಿ.

"ನಮ್ಮವ್ವನ ಸೀರೆ ಇಲ್ಲೇ ನೇಯುತ್ತಿದ್ದರೇ?" ಅಂತ ಕೇಳಿದ ರಾಜ. ಹೂಂ ಅಂದಳು ಚೌಡವ್ವ. ರಾಜ ಗುಂಡಿಯ ಅಂಚನ್ನು ಕೈಯಿಂದ ಸವರಿದ. ಎದ್ದವನೇ ಹೇಳಿದ, "ಜಂಬಣ್ಣ, ಕಲಿಸಿದ ಮಾತಿನಂಥ ಮನೆ ನೀನು ತೋರಿಸಲಿಲ್ಲ. ಇನ್ನು ಬಸರಿ ಮರದ ನೆರಳು ತುಳಿಯಬೇಡ. ಕೇರಿ ಹೀಗೇ ಇರಲಿ. ಆನೆಗಳಿಗೆ ಬಯಲಿದೆ."

ಜಂಬಣ್ಣ ಇಂಗು ತಿಂದ ಮಂಗನಂತಾದ. ಅಷ್ಟಕ್ಕೇ ಮುಗಿಯಲಿಲ್ಲ. ಹಾಲಪ್ಪನ ಜೊತೆ ಹೋಗಿದ್ದ ಹಕ್ಕಿ ಎಲ್ಲ ಕೇಳಿಸಿಕೊಂಡಿತ್ತಲ್ಲ, ಮರಕ್ಕೆ ಬಂದು ಉಳಿದವಕ್ಕೂ ಹೇಳಿಕೊಟ್ಟಿತು. ಅವತ್ತಿಂದ ಯಾರಾದರೂ ಜಂಬಣ್ಣನ ಹೆಸರೆತ್ತಿದರೆ ಸಾಕು, ಇಡೀ ಮರವೇ ಕೂಗುತ್ತಿತ್ತು, "ಕೋಳಿ ಕಾವು ಕೂರೋ ಜಾಗನೋ? ಕೋಳಿ ಕಾವು ಕೂರೋ ಜಾಗನೋ?" ಯಾವ ಮೂಟೆ ಸುರಿದರೂ ಆ ಬಾಯಿ ಮುಚ್ಚಿಸಲು ಆಗಲಿಲ್ಲ.

ಚೌಡವ್ವ ಸೊಂಟದಿಂದ ಒಂದೊಂದೇ ಬೀಗದ ಕೈ ಬಿಚ್ಚಿ ಕೊಟ್ಟಳು. ಹನ್ನೆರಡೂ ಮುಗಿದವು. ಆಗ ನೋಡಿದರೆ ಬೀದಿಯಲ್ಲಿ ಇನ್ನೊಬ್ಬಳು ನಿಂತಿದ್ದಳು. ಸಾಕವ್ವ ಅಂತ, ಒಂಟಿ ಹೆಂಗಸು. ತಲೆಯ ಮೇಲೆ ಮಗ್ಗದ ಮರಮುಟ್ಟು.

"ನನಗೆ ಇಲ್ವೇನಕ್ಕ?" ಅಂದಳು.

ಚೌಡವ್ವನ ಕೈಯಲ್ಲಿ ಬೀಗದ ಕೈ ಇರಲಿಲ್ಲ. ತನ್ನ ಮನೆಯ ಪಡಸಾಲೆಗೇ ಕರೆದುಕೊಂಡು ಹೋದಳು. ಅಲ್ಲಿ ಅವಳ ಗಂಡ ಕೂರುತ್ತಿದ್ದ ಗುಂಡಿ. ಅವನು ಹೋದ ಮೇಲೆ ಅದರಲ್ಲಿ ಯಾರನ್ನೂ ಕೂರಿಸಿರಲಿಲ್ಲ. ಸೆರಗಿನಿಂದ ಧೂಳು ಒರೆಸಿ, "ಕೂತ್ಕೊಳವ್ವ" ಅಂದಳು. ನಾಲ್ಕು ದಿನ ಕಳೆದು ಯುಗಾದಿಯ ಬೆಳಗ್ಗೆ ಚೌಡವ್ವ ಒಲೆ ಮುಂದೆ ಕೂತಿದ್ದಾಗ, ಎಷ್ಟೋ ವರ್ಷದ ಮೇಲೆ ಅವಳ ಬೆನ್ನ ಹಿಂದೆಯೇ ಲಟಕ್ ಪಟಕ್ ಶುರುವಾಯಿತು. ಗಂಡನಲ್ಲ ಅಂತ ಗೊತ್ತಿದ್ದೂ ತಿರುಗಿ ನೋಡಿದಳು. ಆಮೇಲೆ ಬೇಳೆಗೆ ಇನ್ನೊಬ್ಬರ ಪಾಲಿನ ನೀರು ಹೆಚ್ಚಿಗೆ ಹಾಕಿದಳು.

ಮಕ್ಕಳೇ, ನೀತಿ ಇಷ್ಟೇ. ಕೂಗುವ ಮೊದಲು ಕೇಳಬೇಕು. ದೊಡ್ಡ ಮಾತು ಯಾರ ಬಾಯಲ್ಲೂ ಇರುವುದಿಲ್ಲ, ಎಲ್ಲರ ಬಾಯಲ್ಲಿರುವ ಮಾತು ಯಾರಿಗೂ ಒದಗುವುದಿಲ್ಲ. ಹುಡುಕಿ ಬರುವವನು ಆಡುವ ಮಾತನ್ನು ಕಲಿತು, ಅದರಂತೆ ಇದ್ದದ್ದನ್ನೇ ತೋರಿಸಿದವನು ಗೆದ್ದ. ಇಲ್ಲದ್ದನ್ನು ಇದೆ ಅಂತ ಕೂಗಿದವನ ಬಂಡವಾಳವನ್ನು ಬಂದ ಜನವೇ ಬಯಲು ಮಾಡುತ್ತಾರೆ.

ಅವರು ಅಲ್ಲಿ ನೇಯುತ್ತಿರಲಿ, ನೀವು ಇಲ್ಲಿ ಉಂಡು ಏಳಿ.