ತಟ್ಟಿನ ಮೇಲೆ ಕುಳಿತ ಅಯ್ಯನವರು

ಪೂಜ್ಯ ಬಾರ್ನಬ ಅಯ್ಯನವರ ಪಟಕ್ಕೆ ತೋಳನಕೊಪ್ಪದ ಸಭೆಯವರು ಈಗ ಗಂಧದ ಹಾರ ಹಾಕುತ್ತಾರೆ. ಪಟವಿರುವುದು ದೇವಾಲಯದ ಮುಂಭಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ. ಅಯ್ಯನವರು ತಮ್ಮ ಕಡೆಯ ಭಾನುವಾರಗಳನ್ನು ಕಳೆದದ್ದು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ, ಗೋಣಿತಟ್ಟಿನ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನಮ್ಮ ಭಕ್ತಿಯೂ ಆ ಜಾತಿಯದೇ.

ಅದು ಕೈಮಗ್ಗದ ನೇಕಾರರ ಸಣ್ಣ ಕ್ರೈಸ್ತ ಸಭೆ, ಅಯ್ಯನವರು ಅದರ ಪಾಲಕರು. ಅಯ್ಯನವರು ದೇವಾಲಯದ ಹಿಂದಿನ ಒಂಟಿ ಕೋಣೆಯಲ್ಲಿದ್ದು, ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಂಡು, ಸಂಜೆ ಹೊತ್ತು ಮುದುಕರ ಮಗ್ಗದ ಬಳಿ ಕುಳಿತು ಹರಿದ ಎಳೆ ಕಟ್ಟಿಕೊಡುತ್ತಿದ್ದರು. ಸಭೆಯನ್ನು ಆಳುತ್ತಿದ್ದವರು ಮಾತ್ರ ಹಿರಿಯರಾದ ನತಾನಿಯೇಲರು. "ಸಭೆ ಅಂದ್ರ ಕುದುರಿ ಇದ್ದಂಗ. ಲಗಾಮು ಸಡ್ಲ ಬಿಟ್ರ ಕೆಡವತೈತಿ" ಎಂಬುದು ಅವರ ಮಾತು. ತಪ್ಪು ಮಾಡಿದವರು ಬಾಗಿಲ ಬಳಿಯ ತಟ್ಟಿನ ಮೇಲೆ ಕೂರಬೇಕು. ಅವರಿಗೆ ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನವಿಲ್ಲ. ಅವರ ಮನೆಯಲ್ಲಿ ಸಾವಾದರೆ ಗಂಟೆಯಿಲ್ಲ, ಮಣ್ಣಿಗೆ ಅಯ್ಯನವರು ಹೋಗುವಂತಿಲ್ಲ. ಹಿರಿಯರ ಕೂಟದಲ್ಲಿ ಶಿಕ್ಷೆ ತೀರ್ಮಾನವಾಗುತ್ತಿತ್ತು. ತಪ್ಪು ಹೊತ್ತವರನ್ನು ಕರೆದು ಕೇಳುವ ಪದ್ಧತಿ ಇರಲಿಲ್ಲ.

ಒಂದು ಮಂಗಳವಾರ ದುರ್ಗವ್ವನ ಗುಡಿಯ ಅಂಗಳದಲ್ಲಿ ಸಲೋಮಿ ಕುಳಿತಿದ್ದನ್ನು ನತಾನಿಯೇಲರು ಕಣ್ಣಾರೆ ಕಂಡರು. ಸಲೋಮಿ ಸಭೆಯ ಹೆಣ್ಣುಮಗಳು, ಮಗ್ಗ ನೇಯುವವಳು, ಕೈಗೂಸಿನ ತಾಯಿ. ವಿಗ್ರಹಾರಾಧನೆ ಎಂದು ಕೂಟ ತೀರ್ಪು ಕೊಟ್ಟಿತು. ಅಯ್ಯನವರೂ ತಲೆದೂಗಿದರು. ಸಂತರ ಚರಿತ್ರೆಯಲ್ಲಿ ಇಂಥದ್ದನ್ನು ಬರೆಯಬಾರದು ಎನ್ನುವವರಿದ್ದಾರೆ. ಬರೆಯದಿದ್ದರೆ ಅವರ ದೊಡ್ಡತನ ಎಲ್ಲಿಂದ ಹುಟ್ಟಿತೆಂಬುದೇ ತಿಳಿಯುವುದಿಲ್ಲ.

ಸಲೋಮಿ ತಟ್ಟಿನ ಮೇಲಿದ್ದಾಗಲೇ ಅವಳ ಕೂಸು ಜ್ವರದಿಂದ ತೀರಿಕೊಂಡಿತು. ಗಂಟೆ ಬಾರಿಸಲಿಲ್ಲ. ಗಂಡ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ದೇವಾಲಯದ ಮುಂದೆಯೇ ಹಾದುಹೋದ. ಅಯ್ಯನವರು ಕಿಟಕಿಯ ಬಳಿ ನಿಂತು ನೋಡಿದರು. ನಿಯಮಕ್ಕೆ ಹೆದರಿ ಹೊಸ್ತಿಲು ದಾಟಲಿಲ್ಲ. ಸಲೋಮಿ ಅಂದಿನಿಂದ ದೇವಾಲಯಕ್ಕೆ ಬರುವುದನ್ನೇ ಬಿಟ್ಟಳು.

ಕೆಲವು ದಿನಗಳಾದ ಮೇಲೆ ಹಿರಿಯರು ಕೂಡಿದ್ದಾಗ ಬಾಗಿಲಲ್ಲಿ ಚಕ್ಕಡಿ ನಿಂತಿತು. ಅದರಲ್ಲಿದ್ದವಳು ಸಲೋಮಿಯ ತಾಯಿ. ಅವಳು ಸಭೆಗೆ ಸೇರಿದವಳಲ್ಲ. ಕಾಲು ಬಿದ್ದುಹೋಗಿತ್ತು. ಹಣೆಯ ಮೇಲೆ ಅರಿಶಿನ ಕುಂಕುಮವಿತ್ತು.

"ನನ್ನ ಮಗಳು ಗುಡಿಗೆ ಕೈ ಮುಗದಿಲ್ರಿ. ಹರಕಿ ನಂದು. ನಡಿಯಾಕ ಬರೂದಿಲ್ಲಂತ ಬೆನ್ನ ಮ್ಯಾಲ ಹೊತಗೊಂಡು ಬಂದ್ಲು. ಪೂಜಾರಿ ನನ್ನ ಒಳಗ ಎತಗೊಂಡು ಹ್ವಾದ. ಅಕಿ ಹೊರಗ ಕುಂತಿದ್ಲು."

ನತಾನಿಯೇಲರು ಸಿಡುಕಿದರು. "ಹಂಗಿದ್ರ ಅಕಿ ಹೇಳಬೇಕಾಗಿತ್ತಲ್ಲ?"

"ಯಾರ ಕೇಳಿದ್ರಿ ಯಪ್ಪಾ?" ಎಂದಳು ಮುದುಕಿ.

ಅಯ್ಯನವರ ಮುಖ ಬಿಳಿಚಿತು.

ಆ ಭಾನುವಾರ ಅಯ್ಯನವರು ಪ್ರಸಂಗಪೀಠ ಹತ್ತಲಿಲ್ಲ. ನಿಲುವಂಗಿಯನ್ನು ಕಳಚಿ ಮಡಿಸಿ ಮೇಜಿನ ಮೇಲಿಟ್ಟು, ಸಭೆಯ ನಡುವೆ ನಡೆದು ಬಂದು ತಟ್ಟಿನ ಮೇಲೆ ಕುಳಿತರು. "ಕೇಳದೆ ತೀರ್ಪು ಕೊಟ್ಟೆ. ಮಣ್ಣಿಗೆ ಹೋಗಲಿಲ್ಲ. ಸಲೋಮಿ ಒಳಗೆ ಕರೆಯುವ ತನಕ ನನ್ನ ಜಾಗ ಇದೇ" ಎಂದರು.

ನತಾನಿಯೇಲರಿಗೆ ಮೈಯೆಲ್ಲ ಉರಿಯಿತು. ಅಯ್ಯನವರೇ ತಪ್ಪೊಪ್ಪಿಕೊಂಡರೆ ನಾಳೆ ಹಿರಿಯರ ಮಾತಿಗೆ ಮೂರು ಕಾಸಿನ ಬೆಲೆಯಿರುತ್ತದೆಯೇ? ಅಂದಿನಿಂದ ಪ್ರಸಂಗ ಓದುವ ಕೆಲಸ ಅವರಿಗೇ ಬಂತು. ಒಳಗೊಳಗೇ ಅದು ಹಿತವಾಗಿಯೂ ಇತ್ತು. ಆದರೆ ಪೀಠದ ಮೇಲೆ ನಿಂತು ನೋಡಿದರೆ ಕಾಣುತ್ತಿದ್ದುದು ಬರೀ ಬೆನ್ನುಗಳು. ಜನ ಬಾಗಿಲ ಕಡೆಗೆ ತಿರುಗಿ ಕೂರುತ್ತಿದ್ದರು. ಮನೆಯ ಜಗಳ, ಮೈಯ ಜಡ್ಡು, ಹೇಳಿಕೊಳ್ಳಲಾಗದ ಪಾಪ, ಎಲ್ಲವನ್ನೂ ಆ ತಟ್ಟಿನ ಬಳಿ ಬಗ್ಗಿ ಹೇಳಿಕೊಳ್ಳುತ್ತಿದ್ದರು. ಇಷ್ಟು ವರ್ಷ ಸಭೆಯನ್ನು ಆಳಿದ ನತಾನಿಯೇಲರ ಬಳಿ ಒಬ್ಬರೂ ಹಾಗೆ ಬಂದಿರಲಿಲ್ಲ. ಅದು ಅವರನ್ನು ಹುಣ್ಣಿನ ಹಾಗೆ ಕಾಡಿತು.

ಅಯ್ಯನವರು ಆಗಾಗ ಸಲೋಮಿಯ ಮನೆಗೆ ಹೋಗಿ ಹೊರಗಿನ ಕಟ್ಟೆಯ ಮೇಲೆ ಕುಳಿತು ಬರುತ್ತಿದ್ದರು. ಒಳಗೆ ಮಗ್ಗದ ಸದ್ದು ನಿಲ್ಲುತ್ತಿರಲಿಲ್ಲ. ಕ್ಷಮಿಸೆಂದು ಅವರು ಒತ್ತಾಯಿಸಲೂ ಇಲ್ಲ.

ಚಳಿಗಾಲದಲ್ಲಿ ಅಯ್ಯನವರು ಹಾಸಿಗೆ ಹಿಡಿದರು. ಪಕ್ಕದೂರಿನ ಸಭಾಪಾಲಕರು ರೊಟ್ಟಿ, ದ್ರಾಕ್ಷಾರಸ ತಂದರು. ಅಯ್ಯನವರು ಬಾಯಿ ತೆರೆಯಲಿಲ್ಲ. "ತಟ್ಟಿನವನಿಗೆ ಇದಿಲ್ಲ" ಎಂದರು. ಅಯ್ಯನವರು ಭೋಜನವಿಲ್ಲದೆ ಸತ್ತರೆ ಊರು ತನ್ನ ಮುಖಕ್ಕೆ ಉಗಿಯುತ್ತದೆಂದು ನತಾನಿಯೇಲರಿಗೆ ದಿಗಿಲಾಯಿತು. ಅವರನ್ನು ಸಲೋಮಿಯ ಮನೆಗೆ ಓಡಿಸಿದ್ದು ಆ ದಿಗಿಲೇ ಹೊರತು ಪಶ್ಚಾತ್ತಾಪವಲ್ಲ.

"ತಂಗಿ, ಬಂದು ಒಂದು ಮಾತು ಕರೀವಾ. ಅಯ್ಯನವರು ನಿನ್ನ ಸಲುವಾಗಿ ಜೀವ ಹಿಡದಾರ."

ಸಲೋಮಿ ಲಾಳಿ ಕೆಳಗಿಟ್ಟಳು. "ಬರ್ತೇನ್ರಿ. ನನ್ನ ಕೂಸಿನ ಹೆಸರು ಹೇಳ್ರಿ."

ನತಾನಿಯೇಲರು ಬಾಯಿ ತೆರೆದರು. ಹೆಸರು ಬರಲಿಲ್ಲ. ದೀಕ್ಷಾಸ್ನಾನದ ದಿನ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಆ ಕೂಸಿಗೆ ಗಂಟೆ ಬೇಡವೆಂದು ಅಪ್ಪಣೆ ಕೊಟ್ಟವರೂ ಅವರೇ. ಹೆಸರು ಮಾತ್ರ ತಿಳಿದಿರಲಿಲ್ಲ. ಸಲೋಮಿ ಅವರನ್ನು ದಿಟ್ಟಿಸಿ ನೋಡಿದಳು, ಸೆರಗು ಹೊದ್ದುಕೊಂಡಳು, ಅವರಿಗಾಗಿ ಕಾಯದೆ ಮುಂದೆ ನಡೆದಳು.

ಕೋಣೆಯ ಬಾಗಿಲಲ್ಲಿ ಹೆಜ್ಜೆಯ ಸಪ್ಪಳವಾದಾಗ ಅಯ್ಯನವರು ಕಣ್ಣು ಮುಚ್ಚಿಕೊಂಡೇ ಕೇಳಿದರು: "ದೊರ್ಕಾಳ ತಾಯಿ ಬಂದಳೇ?"

ಕೂಸಿನ ಹೆಸರು ಕೇಳಿ, ಅಷ್ಟು ದಿನ ಕಲ್ಲಾಗಿದ್ದ ಸಲೋಮಿ ಹಾಸಿಗೆಯ ಪಕ್ಕ ಕುಸಿದು ಬಾಯಿಬಿಟ್ಟು ಅತ್ತಳು. "ಒಳಗ ಬರ್ರಿ ಅಯ್ಯನೋರ" ಎಂದಳು. ಅಯ್ಯನವರು ರೊಟ್ಟಿಯ ಚೂರನ್ನು ಸ್ವೀಕರಿಸಿದರು. ಬೆಳಗಾಗುವುದರೊಳಗೆ ಕರ್ತನ ಪಾದ ಸೇರಿದರು. ಅವರನ್ನು ಒಳಗೆ ಕರೆದ ಸಲೋಮಿ ತಾನು ಮಾತ್ರ ಆ ದೇವಾಲಯದೊಳಗೆ ಮತ್ತೆಂದೂ ಕಾಲಿಡಲಿಲ್ಲ. ಅವಳನ್ನು ದೂರುವ ಮುಖ ನಮಗಿಲ್ಲ.

ಅಯ್ಯನವರ ಮಣ್ಣಾದ ಮರುದಿನ ನತಾನಿಯೇಲರು ಹಿರಿತನ ಬಿಟ್ಟರು. ಅಂದು ಮುಂಜಾನೆ ಒಬ್ಬರೇ ನೇಕಾರರ ಕೇರಿಗೆ ಹೋದರು. ಸಲೋಮಿಯನ್ನು ಕರೆಯಲು ಓಡಿದ್ದು ಬಿಟ್ಟರೆ, ದಂಡ ಹೇಳುವುದಕ್ಕಲ್ಲದೆ ಅವರು ಆ ಕೇರಿಗೆ ಕಾಲಿಟ್ಟದ್ದೇ ಇಲ್ಲ. ಮೊದಲ ಮನೆಯ ಮುಂದೆ ಚಪ್ಪಲಿ ಬಿಟ್ಟು, ರುಮಾಲು ಕೈಯಲ್ಲಿ ಹಿಡಿದು, ನೆಲದ ಮೇಲೆ ಕುಳಿತರು. ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ನೋಡುತ್ತ, ಬಾಗಿಲಲ್ಲಿದ್ದ ಅದರ ತಾಯಿಯನ್ನು, "ಯವ್ವಾ, ಈ ಕೂಸಿನ ಹೆಸರೇನು?" ಎಂದು ಕೇಳಿದರು.

ಆ ತಾಯಿ ಓಡಿಬಂದು ಮಗುವನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡಳು.

"ನಾವೇನು ತಪ್ಪು ಮಾಡೇವ್ರಿ, ಹಿರೇರ?"