ಸಾರಿಸಿದ ನೆಲ

ಪೂಜ್ಯ ಶ್ರೀ ಮೌನಲಿಂಗ ಸ್ವಾಮಿಗಳು ಸೋನಕಲ್ಲು ದುರ್ಗದ ಹೊರಗೆ ಒಂದು ಹುಲ್ಲು ಗುಡಿಸಲಲ್ಲಿ ವಾಸವಾಗಿದ್ದರು. ಶಿಷ್ಯರು ಎಷ್ಟು ಬೇಡಿಕೊಂಡರೂ ಕೇಳದೆ, ಗುಡಿಸಲಿನ ನೆಲವನ್ನು ದಿನವೂ ತಾವೇ ಸಗಣಿ ಹಾಕಿ ಸಾರಿಸುತ್ತಿದ್ದರು. ಇದು ಹದಿನೆಂಟನೆಯ ಶತಮಾನದ ಪಾಳೆಯಗಾರರ ಕಾಲದ ಮಾತು.

ಆಗ ದುರ್ಗವನ್ನು ಆಳುತ್ತಿದ್ದವರು ರಾಣಿ ಪದ್ಮಾಂಬೆಯವರು. ಮೊದಲಿನ ಹೆಸರು ಪದ್ಮಸಾನಿ. ನರ್ತಕಿಯರ ಕೇರಿಯಾದ ಗೆಜ್ಜೆಗೇರಿಯಲ್ಲಿ ಹುಟ್ಟಿ, ಅರಮನೆಯಲ್ಲಿ ನರ್ತಿಸಿ, ದುರ್ಗದ ಪಾಳೆಯಗಾರರಾದ ನಾಯಕರ ಕೈಹಿಡಿದವರು. ನಾಯಕರು ತೀರಿಕೊಂಡು ಶತ್ರುಗಳು ಮುತ್ತಿಗೆ ಹಾಕಿದಾಗ ದಾಯಾದಿಗಳೆಲ್ಲ ಕಾಲಿಗೆ ಬುದ್ಧಿ ಹೇಳಿದರು. ಈ ತಾಯಿಯೊಬ್ಬರೇ ಕೋಟೆಯ ಮೇಲೆ ನಿಂತು ದುರ್ಗವನ್ನು ಉಳಿಸಿದರು. ಸೈನಿಕರೇ ಅವರನ್ನು ಗದ್ದುಗೆಯ ಮೇಲೆ ಕೂರಿಸಿದರು. ಆದರೂ ಅರಮನೆಯಲ್ಲಿ ಬೆನ್ನ ಹಿಂದೆ ಆಡಿಕೊಳ್ಳುವವರಿಗೇನು ಬರವೇ?

"ಗೆಜ್ಜೆಗೇರಿಯನ್ನೇ ಕೆಡವಿಸಿ, ಅಲ್ಲಿಯವರನ್ನು ಗಡಿಯಾಚೆ ಕಳಿಸಿಬಿಡಿ. ಹಳೆಯದನ್ನು ಯಾರೂ ಎತ್ತುವುದಿಲ್ಲ" ಎಂದು ದಳವಾಯಿ ಚೆನ್ನರಾಜಯ್ಯನವರು ಸಲಹೆ ಕೊಟ್ಟರು. ರಾಣಿಯವರ ಮುದಿ ತಾಯಿ ಇನ್ನೂ ಆ ಕೇರಿಯಲ್ಲೇ ಇದ್ದರು. ಮಾರನೆಯ ದಿನ ದರ್ಬಾರಿನಲ್ಲಿ ಅಪ್ಪಣೆ ಹೊರಡಬೇಕು. ಮನಸ್ಸು ಒಪ್ಪದು, ಬಿಡದು. ಗೊಂದಲ ತಾಳಲಾರದೆ ರಾಣಿಯವರು ಶ್ರೀಗಳಲ್ಲಿಗೆ ಹೊರಟರು. ಸ್ವಾಮಿ ಸನ್ಯಾಸಿಗಳೆಂದರೆ ಮೂಗು ಮುರಿಯುತ್ತಿದ್ದ ದಳವಾಯಿಗಳೂ ಜೊತೆಗೆ ಬಂದರು.

ಶ್ರೀಗಳು ಆಗಷ್ಟೇ ನೆಲ ಸಾರಿಸಿ ಮೂಲೆಯಲ್ಲಿ ಕುಳಿತಿದ್ದರು. ದಳವಾಯಿಗಳು ಜೋಡು ಮೆಟ್ಟಿಕೊಂಡೇ ಹಸಿ ನೆಲದ ಮೇಲೆ ನಡೆದುಹೋದರು. ರಾಣಿಯವರು ಮಾತ್ರ ಹೊಸ್ತಿಲಲ್ಲೇ ನಿಂತು, ಪಾದರಕ್ಷೆ ಕಳಚಿ, ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಹಾಗೆ ಮಾಡಿದ್ದು ಅವರಿಗೇ ತಿಳಿಯಲಿಲ್ಲ.

"ಬುದ್ಧಿ, ನನಗೆ ಏನೂ ತಿಳೀತಿಲ್ಲ. ಗದ್ದುಗೆ ಮೇಲೆ ಕೂತ್ರೆ ಇದು ನಂದಲ್ಲ ಅನ್ಸುತ್ತೆ. ಕೇರಿ ಕಡೆ ನೋಡಿದ್ರೆ ಅದೂ ನಂದಲ್ಲ ಅನ್ಸುತ್ತೆ. ಕೇರಿ ಕೆಡವಿಸಿದ್ರೆ ಈ ಸಂಕಟ ತೀರುತ್ತಾ?"

ಶ್ರೀಗಳು ಹೊಸ್ತಿಲ ಕಡೆ ನೋಡಿದರು. "ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆಯಲ್ಲ ತಾಯಿ, ಯಾರು ಕಲಿಸಿದ್ದು?" ಎಂದರು.

ರಾಣಿಯವರು ತಬ್ಬಿಬ್ಬಾದರು. "ನಮ್ಮವ್ವ, ಬುದ್ಧಿ. ಕುಣಿಯೋಕೆ ಮುಂಚೆ ಭೂಮಿತಾಯಿ ಹತ್ರ ಕ್ಷಮೆ ಕೇಳ್ಬೇಕು, ಅವಳನ್ನ ತುಳೀತೀವಲ್ಲ ಅಂತ."

"ಆಳುವವರೂ ತುಳಿಯುತ್ತಾರೆ ತಾಯಿ. ಅವರಿಗೆ ಇದನ್ನು ಕಲಿಸುವ ಕೇರಿ ಬೇರೆ ಯಾವುದಿದೆ?"

ಇಷ್ಟು ಹೇಳಿ ಶ್ರೀಗಳು ಕಣ್ಣು ಮುಚ್ಚಿದರು. ಕೇಳಿದ್ದೊಂದು, ಸಿಕ್ಕಿದ್ದೊಂದು ಎಂದುಕೊಳ್ಳುತ್ತ ರಾಣಿಯವರು ಅರಮನೆಗೆ ಮರಳಿದರು. ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ.

ಮಾರನೆಯ ದಿನ ತುಂಬಿದ ದರ್ಬಾರಿನಲ್ಲಿ ಅವರು ಗದ್ದುಗೆಯ ಕೆಳಗೆ ನಿಂತು, ಬಾಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೋ ಕಿಸಕ್ಕನೆ ನಕ್ಕು, "ಕೇರಿಯ ಚಾಳಿ ಇನ್ನೂ ಹೋಗಿಲ್ಲ" ಎಂದರು.

"ಹೋಗೋದು ಬೇಡ. ನಮ್ಮವ್ವ ಕಲಿಸಿದ್ದು ಇದು. ಆ ಕೇರೀಲಿ ಒಂದು ಹೆಂಚನ್ನೂ ಯಾರೂ ಮುಟ್ಟಕೂಡದು" ಎಂದು ಹೇಳಿ ರಾಣಿಯವರು ಗದ್ದುಗೆ ಏರಿದರು.

ದರ್ಬಾರಿನಲ್ಲಿ ಕಂಡದ್ದು ಮನಸ್ಸಿನಿಂದ ಹೋಗದೆ, ಅಂದು ಸಂಜೆ ದಳವಾಯಿಗಳು ಒಬ್ಬರೇ ಗುಡಿಸಲಿಗೆ ಬಂದು ಜೋಡನ್ನು ಹೊರಗೆ ಬಿಟ್ಟರು. ಆ ದಿನ ಮಾತ್ರ ಶ್ರೀಗಳು ನೆಲ ಸಾರಿಸಿರಲಿಲ್ಲ; ಹಿಂದಿನ ದಿನದ ಜೋಡಿನ ಗುರುತುಗಳು ಒಣಗಿ ಹಾಗೆಯೇ ಇದ್ದವು. ದಳವಾಯಿಗಳ ಮುಖ ಕೆಳಗಾಯಿತು. ಶ್ರೀಗಳು ಸಗಣಿಯ ಬುಟ್ಟಿಯನ್ನು ಅವರ ಕಡೆಗೆ ಸರಿಸಿದರು. ಕತ್ತಿ ಹಿಡಿದ ಆ ಕೈ ಮೊದಲ ಬಾರಿಗೆ ನೆಲ ಸಾರಿಸಿತು. ಹೊರಡುವಾಗ ಅವರು ಹೊಸ್ತಿಲಲ್ಲಿ ಬಾಗಿ, ಹಸಿ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.