ಕೊಳಗದ ಗೋಪುರ

“ಗುರುಗಳೇ, ತೆರಿಗೆ ಇಳಿಸುತ್ತೇವೆ ಎಂದು ಚುನಾವಣೆಯಲ್ಲಿ ಮಾತು ಕೊಡುವವರು, ಗೆದ್ದ ಮೇಲೆ ಆ ಮಾತನ್ನು ಉಳಿಸಿಕೊಳ್ಳುತ್ತಾರೆಯೇ?” ಎಂದು ಶಿಷ್ಯ ಕೇಳಿದ.

ಅವನ ಹೆಗಲ ಚೀಲದಲ್ಲಿ ಪುರಸಭೆಯ ಚುನಾವಣೆಗೆ ನಿಂತವನೊಬ್ಬನ ಕರಪತ್ರಗಳಿದ್ದವು. ಗೆದ್ದರೆ ಅಂಗಡಿ ತೆರಿಗೆಯನ್ನು ಅರ್ಧಕ್ಕೆ ಇಳಿಸುತ್ತೇನೆ ಎಂದು ಅವುಗಳಲ್ಲಿ ಅಚ್ಚಾಗಿತ್ತು. ತನ್ನ ಬೀದಿಯಲ್ಲಿ ಶಿಷ್ಯ ಅವನ್ನು ಆಗಲೇ ಹಂಚತೊಡಗಿದ್ದ. ಇಸ್ತ್ರಿ ಅಂಗಡಿಯ ಮುದ್ದಮ್ಮನಿಗೆ ಓದಲು ಬರುತ್ತಿರಲಿಲ್ಲ. “ಇದು ನಿಜವೇನಪ್ಪಾ?” ಎಂದು ಕೇಳಿದ್ದಳು. “ನಿಜ ಅಜ್ಜಿ, ನಾನು ಹೇಳುತ್ತಿದ್ದೇನಲ್ಲ” ಎಂದಿದ್ದ. “ನೀನು ಹೇಳಿದ ಮೇಲೆ ಸರಿ ಬಿಡು. ಇನ್ನು ಮಧ್ಯಾಹ್ನದ ಹೊತ್ತು ಸ್ವಲ್ಪ ಬೆನ್ನು ನೆಲಕ್ಕೆ ಹಾಕುತ್ತೇನೆ” ಎಂದು ಆಕೆ ನಕ್ಕಿದ್ದಳು. ಆ ನಗು ಅವನಿಗೆ ಜೀರ್ಣವಾಗಿರಲಿಲ್ಲ. ಅದನ್ನು ಹೊತ್ತುಕೊಂಡೇ ಗುರುಗಳ ಬಳಿ ಬಂದಿದ್ದ.

ಗುರುಗಳು ಗಂಟಲು ಸರಿಮಾಡಿಕೊಂಡರು.

“ಈ ಪ್ರಶ್ನೆಗೆ ಉತ್ತರ ಬಲ್ಲವರು ಮೂರು ಲೋಕದಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ಯಾರೆಂದು ಬಹಳ ವರ್ಷ ಹುಡುಕಿದೆ. ವಿಚಾರಿಸಿ ನೋಡಿದರೆ ಅವನೂ ನಾನೇ!”

“ನೀವು ಮಾತನ್ನು ಕೊಂಚ ಬೆಳೆಸಿ ಹೇಳುತ್ತೀರಿ ಎಂದು ಜನ ಆಡಿಕೊಳ್ಳುತ್ತಾರೆ ಗುರುಗಳೇ.”

“ಜನ ಹೊಟ್ಟೆಕಿಚ್ಚಿಗೆ ಹಾಗನ್ನುತ್ತಾರೆ. ನನ್ನ ಕತೆಯಲ್ಲಿ ಸುಳ್ಳು ಇರುವುದು ಸಾರಿನಲ್ಲಿ ಉಪ್ಪಿರುವಷ್ಟು ಮಾತ್ರ. ಇವತ್ತಿನದು ಉಪ್ಪಿನದೇ ಕತೆ. ಕೂತು ಕೇಳು” ಎಂದು ಗುರುಗಳು ಹೇಳತೊಡಗಿದರು.

ಕಡಲಿಗೂ ಬಯಲುಸೀಮೆಗೂ ನಡುವೆ ಒಂದು ಘಟ್ಟ. ಘಟ್ಟದ ನೆತ್ತಿಯ ಮೇಲೆ ಒಂದು ಸುಂಕದ ಕಟ್ಟೆ. ಕಡಲ ಕಡೆಯಿಂದ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬರುವ ವ್ಯಾಪಾರಿ ಯಾರೇ ಆಗಲಿ, ಎತ್ತಿಗೊಂದು ಕೊಳಗ ಉಪ್ಪನ್ನು ಅಲ್ಲಿ ಅಳೆದುಕೊಟ್ಟೇ ಮುಂದೆ ಹೋಗಬೇಕು. ಕೊಳಗ ಎಂದರೆ ಅಗಲ ಬಾಯಿಯ ಅಳತೆಯ ಪಾತ್ರೆ. ಅದನ್ನು ಬಾಯಿಮಟ್ಟ ತುಂಬಿದರೆ ಸಾಲದು. ಮೇಲೆ ಗೋಪುರದ ಹಾಗೆ ರಾಶಿ ಏರಿಸಬೇಕು, ಇನ್ನೊಂದು ಹರಳು ಬಿದ್ದರೆ ಎಲ್ಲ ಜಾರಿತು ಎನ್ನುವ ತನಕ. ಆ ಗೋಪುರ ಎಷ್ಟು ಎತ್ತರವೆಂದರೆ, ಕೆಳಗಿನ ಊರಿನವರು ಅದನ್ನು ಬೆಟ್ಟವೆಂದೇ ತಿಳಿದು, ಸೂರ್ಯ ಅದರ ಹಿಂದೆ ಇಳಿದ ಮೇಲೆ ದನ ಹೊಡೆದುಕೊಂಡು ಮನೆಗೆ ಬರುತ್ತಿದ್ದರು. ಇದು ಗುರುಗಳು ಕಣ್ಣಾರೆ ಕಂಡದ್ದು. ಆಗ ಅವರಿನ್ನೂ ಹುಟ್ಟಿರಲಿಲ್ಲ, ಅಷ್ಟೇ.

ಸುಂಕದ ಉಪ್ಪಿನಿಂದಲೇ ಘಟ್ಟದ ದಾರಿಯನ್ನು ಸರಿಮಾಡಿಸುತ್ತೇನೆ ಎಂದು ಕಟ್ಟೆಯ ಯಜಮಾನ ಹೇಳುತ್ತಿದ್ದ. ದಾರಿಯ ಕಲ್ಲುಗಳು ಮಾತ್ರ ಆ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಆ ದಾರಿಯಲ್ಲಿ ಓಡಾಡುವ ಒಬ್ಬ ವ್ಯಾಪಾರಿಯ ಬಳಿ ಹಂಡ ಎಂಬ ಎತ್ತಿತ್ತು. ಮೈಯೆಲ್ಲ ಕಪ್ಪು ಬಿಳುಪು ಮಚ್ಚೆ, ಅದಕ್ಕೇ ಆ ಹೆಸರು. ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಡೆಯುವುದು ಅದೇ. ಅದರ ಕತ್ತಿನ ಗಂಟೆಯ ದನಿಯನ್ನೇ ನಂಬಿ ಹಿಂದಿನ ಎತ್ತುಗಳು ಘಟ್ಟ ಹತ್ತುತ್ತಿದ್ದವು. ಸುಂಕಕ್ಕೆಂದು ಕೊಡುವ ಉಪ್ಪನ್ನು ಬೇರೆಯೇ ಗೋಣಿಯಲ್ಲಿ ಕಟ್ಟಿ, ಮುಂದಿನ ಎತ್ತಿನ ಮೇಲೆ ಅದರ ಹೇರಿನ ಜೊತೆಗೆ ಹಾಕುವುದು ಅಲ್ಲಿಯ ಪದ್ಧತಿ. ಕಟ್ಟೆಯಲ್ಲಿ ಮೊದಲು ಇಳಿಯಬೇಕಾದದ್ದು ಅದೇ ತಾನೆ. ಹೀಗಾಗಿ ಸುಂಕ ಕೊಡುವವನು ವ್ಯಾಪಾರಿ, ಹೊರುವವನು ಹಂಡ.

ಹಂಡನಿಗೆ ವಯಸ್ಸಾಗಿತ್ತು. ಕಡೆಯ ಏರಿನಲ್ಲಿ ಮುಂಗಾಲು ನಡುಗುತ್ತಿತ್ತು. ವ್ಯಾಪಾರಿ ಸುಂಕದ ಗೋಣಿಯ ಅಡಿಗೆ ಒಂದು ಕೈಕೊಟ್ಟು, ಅದನ್ನು ಎತ್ತಿ ಹಿಡಿದಂತೆ ಮಾಡಿ ಪಕ್ಕದಲ್ಲೇ ಹತ್ತುತ್ತಿದ್ದ. ಅದರಿಂದ ಎತ್ತಿನ ಬೆನ್ನು ಎಷ್ಟು ಹಗುರವಾಯಿತೋ, ಅವನ ಮನಸ್ಸಂತೂ ಹಗುರವಾಗುತ್ತಿತ್ತು. ಗೋಣಿಯನ್ನು ಬೇರೆ ಎತ್ತಿಗೆ ಹಾಕೋಣವೆಂದರೆ ಅವುಗಳ ಮೇಲೆ ಆಗಲೇ ಹೊರಲಾರದಷ್ಟು ಹೇರಿದ್ದ. ಉಪ್ಪಿನ ವ್ಯಾಪಾರದಲ್ಲಿ ಲಾಭವೆಂಬುದು ಆ ಕೊನೆಯ ಬೊಗಸೆಯಲ್ಲೇ ಇರುವುದು.

ಕಟ್ಟೆಯ ಯಜಮಾನನನ್ನು ಆರಿಸುವವರು ವ್ಯಾಪಾರಿಗಳೇ. ಒಬ್ಬನ ಅವಧಿ ಮುಗಿದಾಗ ಎಲ್ಲರೂ ಕಟ್ಟೆಯ ಮುಂದೆ ಸೇರುತ್ತಿದ್ದರು. ತಂತಮ್ಮ ಮುಂದಿನ ಎತ್ತಿನ ಗಂಟೆ ಬಿಚ್ಚಿ, ಮನಸ್ಸಿಗೆ ಬಂದವನ ಎದುರು ಇಡುತ್ತಿದ್ದರು. ಯಾರ ಎದುರು ಗಂಟೆಗಳು ಹೆಚ್ಚೋ ಅವನು ಯಜಮಾನ. ಆಮೇಲೆ ಗಂಟೆಗಳು ಎತ್ತುಗಳ ಕತ್ತಿಗೆ, ವ್ಯಾಪಾರಿಗಳು ತಮ್ಮ ದಾರಿಗೆ.

ಒಂದು ವರ್ಷ ದೊಡ್ಡ ದನಿಯ ಒಬ್ಬ ಮನುಷ್ಯ ಯಜಮಾನಿಕೆಗೆ ನಿಂತ. ಎಲ್ಲರ ಎದುರು ಕೊಳಗ ತರಿಸಿದ. ಉಪ್ಪು ತುಂಬಿಸಿ, ಗೋಪುರ ಏರಿಸಿ, ಆ ಗೋಪುರವನ್ನು ಒಂದೇ ಸಲಕ್ಕೆ ಮೊಣಕೈಯಿಂದ ನೆಲಕ್ಕೆ ತಳ್ಳಿದ.

“ಅಣ್ಣಂದಿರೇ, ಇದು ಯಾರ ಬೆವರು? ನಾನು ಯಜಮಾನನಾದ ದಿನದಿಂದ ಕೊಳಗದ ಮೇಲೆ ಒಂದು ಹರಳೂ ನಿಲ್ಲುವುದಿಲ್ಲ. ಬಾಯಿಮಟ್ಟ ಅಳತೆ! ಈ ಕಟ್ಟೆಯ ಆಣೆ!”

ರುಮಾಲುಗಳು ಆಕಾಶಕ್ಕೆ ಹಾರಿದವು. ಅವು ಕೆಳಗಿಳಿಯುವ ತನಕ ಘಟ್ಟದ ಮೇಲೆ ನೆರಳಿತ್ತು.

ವ್ಯಾಪಾರಿಯ ಕಣ್ಣು ನೆಲಕ್ಕೆ ಬಿದ್ದ ಉಪ್ಪಿನ ಮೇಲಿತ್ತು. ಎತ್ತಿಗೊಂದರಂತೆ ಅಷ್ಟಷ್ಟು ಉಳಿದರೆ ಸುಂಕದ ಗೋಣಿ ಎಷ್ಟು ಇಳಿಯುತ್ತದೆ ಎಂದು ಅವನು ಮನಸ್ಸಿನಲ್ಲೇ ತೂಗಿ ನೋಡಿದ. ಹಂಡನ ಗಂಟೆ ಬಿಚ್ಚಿ ಆ ಮನುಷ್ಯನ ಎದುರು ಇಟ್ಟ. ಇಂಥ ನ್ಯಾಯವಂತನೇ ಇಟ್ಟನಲ್ಲ ಎಂದು ಅವನನ್ನು ನೋಡಿ ಇನ್ನೂ ಕೆಲವರು ಇಟ್ಟರು.

ಮರಳಿ ಗಂಟೆ ಕಟ್ಟುವಾಗ ಅವನು ಹಂಡನ ಕತ್ತಿನಡಿಯ ಗಂಗೆದೊಗಲು ಸವರುತ್ತ ಹೇಳಿದ: “ಇನ್ನೊಂದೇ ಸಲ ಹೊತ್ತುಬಿಡು ಮಗನೇ. ಆಮೇಲೆ ಗೋಣಿ ಚಿಕ್ಕದಾಗುತ್ತದೆ. ಅಷ್ಟನ್ನು ನಾನೇ ಹೆಗಲ ಮೇಲೆ ಹಾಕಿಕೊಳ್ಳುತ್ತೇನೆ. ನೀನು ಗಂಟೆ ಆಡಿಸಿಕೊಂಡು ಮುಂದೆ ಬಂದರೆ ಸಾಕು.”

ಹಂಡ ಕಿವಿ ಆಡಿಸಿತು.

ಆ ಮನುಷ್ಯ ಯಜಮಾನನಾದ. ವ್ಯಾಪಾರಿ ಮುಂದಿನ ಸಲ ಘಟ್ಟ ಹತ್ತಿದಾಗ, ಯಾವುದಕ್ಕೂ ಇರಲಿ ಎಂದು ಸುಂಕದ ಗೋಣಿಯನ್ನು ಎಂದಿನಷ್ಟೇ ತುಂಬಿಸಿ ತಂದಿದ್ದ. ಕಟ್ಟೆಯಲ್ಲಿ ಆಳು ಕೊಳಗ ತುಂಬಿದ. ಮೇಲೊಂದು ಮರದ ಪಟ್ಟಿ ಎಳೆದು ಸವರಿದ. ಗೋಪುರವಿಲ್ಲ. ಕೊಳಗದ ಬಾಯಿ ಕನ್ನಡಿಯ ಹಾಗೆ ಸಮವಾಗಿತ್ತು. “ನೋಡಿಕೊಳ್ಳಿ ಅಣ್ಣಾ, ಚೆನ್ನಾಗಿ ನೋಡಿಕೊಳ್ಳಿ” ಎಂದ ಯಜಮಾನ. ಎಲ್ಲರೂ ಕೊಳಗದ ಬಾಯಿಯನ್ನೇ ನೋಡಿದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ಅಳತೆ ಮುಗಿಯಿತು. ಉಳಿದ ಉಪ್ಪನ್ನು ಕಟ್ಟಿಕೊಳ್ಳಲೆಂದು ವ್ಯಾಪಾರಿ ಗೋಣಿಯೊಳಗೆ ಕೈ ಹಾಕಿದ. ಕೈ ತಳಕ್ಕೆ ಹೋಯಿತು. ಮೂಲೆಗಳಲ್ಲಿ ಬೆರಳಾಡಿಸಿದ. ಎಂದಿನಂತೆಯೇ ಬರಿದು.

ಗೋಣಿ ತೂತಾಗಿರಬೇಕು ಎಂದುಕೊಂಡ. ಒಳಹೊರಗು ಮಾಡಿ ಬಿಸಿಲಿಗೆ ಹಿಡಿದು ನೋಡಿದ. ತೂತಿರಲಿಲ್ಲ. ಆದರೂ ಮುಂದಿನ ಸಲಕ್ಕೆ ಇಮ್ಮಡಿ ಹೊಲಿಗೆ ಹಾಕಿಸಿದ. ಆ ಸಲವೂ ಅಳತೆ ಬಾಯಿಮಟ್ಟ, ಗೋಣಿ ಬರಿದು.

ಅದರಾಚೆಯ ಸಲ ಅವನು ಕೊಳಗದ ಬಾಯಿಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ನಿಂತ. ಆಗ ಕೇಳಿಸಿತು. ಆಳು ಕೊಳಗ ತುಂಬುತ್ತಿದ್ದ. ಅದನ್ನು ಎತ್ತಿ ಪಕ್ಕದ ಕಲ್ಲಿಗೆ ಕುಟ್ಟುತ್ತಿದ್ದ. ಧಡ್, ಧಡ್. ಉಪ್ಪು ಒಳಗೆ ಕುಸಿಯುತ್ತಿತ್ತು. ಮೇಲೆ ಮತ್ತೆ ಸುರಿಯುತ್ತಿದ್ದ. ಮತ್ತೆ ಧಡ್, ಧಡ್. ಇನ್ನು ಹಿಡಿಯುವುದಿಲ್ಲ ಎಂದಾದ ಮೇಲೆ ಪಟ್ಟಿ ಎಳೆಯುತ್ತಿದ್ದ. ಗೋಪುರ ಎಲ್ಲಿಗೂ ಹೋಗಿರಲಿಲ್ಲ. ಕೊಳಗದ ಒಳಗೆ ಇಳಿದು ಕೂತಿತ್ತು.

ಆ ಸದ್ದು ಅವನಿಗೆ ಹೊಸದಲ್ಲ. ಕಡಲ ದಂಡೆಯಲ್ಲಿ ಉಪ್ಪು ಕೊಳ್ಳುವಾಗ ಅವನು ಹೀಗೆಯೇ ಕುಟ್ಟಿಸಿ ತುಂಬಿಕೊಳ್ಳುತ್ತಿದ್ದ. ಬಯಲಿನ ಹಳ್ಳಿಗಳಲ್ಲಿ ಮಾರುವಾಗ ಎತ್ತರದಿಂದ ಹಗುರವಾಗಿ ಸುರಿದು, ಮೇಲೊಂದು ಪುಟ್ಟ ಗೋಪುರ ಮಾಡಿ, “ತಗೋ ತಾಯಿ, ಇದು ನಿನ್ನ ಮಕ್ಕಳಿಗೆ” ಎನ್ನುತ್ತಿದ್ದ. ಆ ತಾಯಂದಿರು ಹರಸಿ ಹೋಗುತ್ತಿದ್ದರು. ಎರಡು ವಿದ್ಯೆಯನ್ನೂ ಮೀಸೆ ಮೂಡುವ ಮೊದಲೇ ಕಲಿತವನು, ಕಟ್ಟೆಗೆ ಬಂದಾಗ ಮಾತ್ರ ಬಾಯಿಮಟ್ಟವನ್ನೇ ನೋಡುತ್ತ ನಿಂತಿದ್ದ.

“ಯಜಮಾನರೇ, ಗೋಪುರ ಒಳಗಿದೆ” ಎಂದ ವ್ಯಾಪಾರಿ.

“ಕಾಣುತ್ತದೆಯೇ?”

“ಕಾಣುವುದಿಲ್ಲ.”

“ಮತ್ತೆ? ಕೊಳಗದ ಮೇಲೆ ಒಂದು ಹರಳೂ ನಿಲ್ಲುವುದಿಲ್ಲ ಎಂದಿದ್ದೆ. ನಿಂತಿದ್ದರೆ ತೋರಿಸಿ, ಈಗಲೇ ಕಟ್ಟೆ ಇಳಿದುಬಿಡುತ್ತೇನೆ. ಕುಟ್ಟುವುದಿಲ್ಲ ಎಂದು ನಾನು ಯಾವತ್ತು ಹೇಳಿದೆ? ನೀವು ದಂಡೆಯಲ್ಲಿ ಕುಟ್ಟದೆ ಕೊಳ್ಳುತ್ತೀರೋ?”

ಹಿಂದೆ ಸಾಲಿನಲ್ಲಿ ನಿಂತವರು ಗದರಿದರು. “ಏನೋ ಮಾರಾಯ ನಿನ್ನದು? ಅಪ್ಪನ ಕಾಲದಿಂದ ಇದ್ದ ಗೋಪುರ ಹೋಯಿತಲ್ಲ, ಅಷ್ಟಕ್ಕಾದರೂ ಸಂತೋಷಪಡು. ಬಿಸಿಲೇರುತ್ತಿದೆ, ದಾರಿ ಬಿಡು!”

ಅವನು ದಾರಿ ಬಿಟ್ಟ. ಆಮೇಲಿನ ಸಲಗಳಲ್ಲೂ ಸುಂಕದ ಗೋಣಿ ಎಂದಿನಂತೆ ಹಂಡನ ಮೇಲೆಯೇ ಬಂತು. ಅದನ್ನು ಹೇರುವಾಗ ಅವನು ಹಂಡನ ಮುಖದ ಕಡೆ ನೋಡುವುದನ್ನು ಬಿಟ್ಟ.

ಆ ಯಜಮಾನನ ಅವಧಿಯೂ ಮುಗಿಯಿತು. ಅಷ್ಟು ಹೊತ್ತಿಗೆ ಕುಟ್ಟುವ ಗುಟ್ಟು ಎಲ್ಲರಿಗೂ ತಿಳಿದಿತ್ತು. ಈ ಸಲ ಇನ್ನೊಬ್ಬ ನಿಂತ. ಅವನ ದನಿ ಮೆಲ್ಲಗಿತ್ತು, ರಟ್ಟೆ ಗಟ್ಟಿಯಿತ್ತು. ಕೊಳಗವನ್ನು ಕುಟ್ಟುವ ಆ ಕಲ್ಲನ್ನೇ ಎರಡು ಕೈಯಲ್ಲಿ ತಲೆಯ ಮೇಲೆತ್ತಿ, “ಇನ್ನು ಈ ಕಟ್ಟೆಯಲ್ಲಿ ಯಾರೂ ಕುಟ್ಟುವುದಿಲ್ಲ” ಎಂದು ಕಣಿವೆಗೆ ಎಸೆದ. ಆ ಕಲ್ಲು ಇಂದಿಗೂ ಉರುಳುತ್ತಲೇ ಇದೆ. ಸಂಜೆ ಗುಡುಗಿನಂತೆ ಕೇಳಿಸುವುದು ಅದೇ. ಮತ್ತೆ ರುಮಾಲುಗಳು ಹಾರಿದವು.

ವ್ಯಾಪಾರಿ ಹಂಡನ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತ.

“ಗೋಪುರದ ಮಾತು ಬೇಡ. ಕುಟ್ಟುವ ಮಾತೂ ಬೇಡ. ಅಳೆದಾದ ಮೇಲೆ ನನ್ನ ಗೋಣಿಯಲ್ಲಿ ಎಷ್ಟು ಉಪ್ಪು ಉಳಿಯುತ್ತದೆ? ಅದೊಂದನ್ನು ಹೇಳಪ್ಪಾ.”

“ಅಣ್ಣನಿಗೆ ಕಲ್ಲು ಹೋದದ್ದಕ್ಕೆ ಬೇಜಾರಾದಂತಿದೆ” ಎಂದ ಅವನು. ಎಲ್ಲರೂ ನಕ್ಕರು. ಪಕ್ಕದವನು ಶಲ್ಯ ಹಿಡಿದೆಳೆದು ಕೂರಿಸಿದ.

ಗಂಟೆಗಳು ಒಂದೊಂದಾಗಿ ಆ ಮನುಷ್ಯನ ಎದುರು ಕೂಡಿಕೊಂಡವು. ವ್ಯಾಪಾರಿ ಬಹಳ ಹೊತ್ತು ಕೂತೇ ಇದ್ದ. ಅವನಿಗೆ ಹಂಡನ ನಡುಗುವ ಮುಂಗಾಲು ನೆನಪಾಯಿತು. ಯಾರಿಗೆ ಗೊತ್ತು, ಈ ಸಲವಾದರೂ ನಿಜವಿದ್ದರೆ? ಎದ್ದು ಹೋಗಿ ತನ್ನದನ್ನೂ ಇಟ್ಟ. ಮರಳಿ ಗಂಟೆ ಕಟ್ಟುವಾಗ ಹಂಡನ ಗಂಗೆದೊಗಲು ಸವರಿದ. “ಇನ್ನೊಂದೇ ಸಲ ಮಗನೇ” ಎಂದ.

ಹೊಸ ಯಜಮಾನ ಕುಟ್ಟಲಿಲ್ಲ. ಉಪ್ಪನ್ನು ಮೆಲ್ಲಗೆ, ಹೂವು ಸುರಿದಂತೆ ಸುರಿಸಿದ. ಕೊಳಗ ಬಾಯಿಮಟ್ಟ ತುಂಬಿತು. ಅವನು ಕೈ ತಡೆಯಲಿಲ್ಲ. ಉಪ್ಪು ಬಾಯಿಯನ್ನು ದಾಟಿ ಮೇಲೇರಿತು. ಏರಿ ಏರಿ ಹಳೆಯ ಗೋಪುರವಾಗಿ ನಿಂತಿತು.

“ಕುಟ್ಟಿದೆನೇ?” ಎಂದು ಅವನು ಎಲ್ಲರನ್ನೂ ನೋಡಿದ.

ಅದೇ ಸುಗ್ಗಿಯಲ್ಲಿ, ಕಟ್ಟೆ ಕಣ್ಣಿಗೆ ಕಾಣುವಷ್ಟು ಹತ್ತಿರ, ಕಡೆಯ ಏರಿನಲ್ಲಿ ಹಂಡ ಮುಂಗಾಲು ಮಡಿಸಿತು. ವ್ಯಾಪಾರಿ ಓಡಿ ಸುಂಕದ ಗೋಣಿಯನ್ನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಹೇರನ್ನೂ ಬಿಚ್ಚಿ ಕೆಡವಿದ. “ಏಳು ಮಗನೇ, ನೋಡು, ನಾನೇ ಹೊತ್ತಿದ್ದೇನೆ, ಏಳು” ಎಂದ. ಹಂಡ ಗಲ್ಲವನ್ನು ಕಲ್ಲಿನ ಮೇಲಿಟ್ಟಿತು. ಗಂಟೆ ಒಮ್ಮೆ ಸದ್ದು ಮಾಡಿತು. ಹಿಂದಿನ ಎತ್ತುಗಳು ಅಲ್ಲಲ್ಲೇ ನಿಂತವು.

ಹಂಡ ಏಳಲಿಲ್ಲ.

ವ್ಯಾಪಾರಿ ಗೋಣಿ ಹೊತ್ತು ಕಟ್ಟೆಗೆ ನಡೆದ. ಆಳು ಅಳೆದುಕೊಂಡ. ಗೋಣಿ ಬರಿದಾಯಿತು. ಅದನ್ನು ಮಡಚಿ ಕಂಕುಳಲ್ಲಿಟ್ಟು ಅವನು ಕೆಳಗಿಳಿದು ಬಂದ. ಹಂಡನ ಕತ್ತಿನ ಗಂಟೆ ಬಿಚ್ಚಿದ. ಬೇರೆ ಯಾವ ಎತ್ತಿಗೂ ಅದನ್ನು ಕಟ್ಟಲು ಅವನಿಗೆ ಕೈ ಬರಲಿಲ್ಲ. ಆ ಸಲ ಅವನ ಎತ್ತುಗಳು ಸದ್ದಿಲ್ಲದೆ ಬಯಲಿಗೆ ಇಳಿದವು.

ಕತೆ ಅಲ್ಲಿಗೆ ನಿಂತಿತು. ಗುರುಗಳ ಮುಖದಲ್ಲಿ ಮೊದಲಿನ ಠೇಂಕಾರ ಉಳಿದಿರಲಿಲ್ಲ.

ಶಿಷ್ಯ ಕೇಳಿದ: “ಹಾಗಾದರೆ ಗುರುಗಳೇ, ಅವರು ಯಾರೂ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಿಲ್ಲ ಎಂದ ಹಾಗಾಯಿತು.”

“ಅವರಿಬ್ಬರೂ ಆಡಿದ ಮಾತನ್ನು ಅಕ್ಷರ ತಪ್ಪದೆ ನಡೆಸಿದರಪ್ಪಾ, ಮುರಿದದ್ದು ಹಂಡನಿಗೆ ಕೊಟ್ಟ ಮಾತೊಂದೇ.”

ಶಿಷ್ಯ ಕರಪತ್ರಗಳ ಚೀಲವನ್ನು ಮಡಿಲಿಗೆ ಎಳೆದುಕೊಂಡ. ಮುದ್ದಮ್ಮನ ಅಂಗಡಿಯ ಮುಂದೆ ಹಾದೇ ಅವನು ಮನೆಗೆ ಹೋಗಬೇಕಿತ್ತು.